ಹೊಳಪು ಕೊನೆಗೆ, ಉಜ್ಜಾಟ ಮೊದಲು

ಗೃಹಪ್ರವೇಶಕ್ಕೆ ಇನ್ನು ಹತ್ತೇ ದಿನ. ಟೈಲ್ಸ್‌ನವರು ಹೋಗಿಯಾಗಿದೆ. ಕರೆಂಟಿನವರು ಕೊನೆಯ ಸ್ವಿಚ್ಚನ್ನೂ ಕೂರಿಸಿದ್ದಾರೆ. ಬಡಗಿ ಉಳಿ, ಗರಗಸ ಚೀಲಕ್ಕೆ ತುಂಬಿಕೊಂಡು ಬಾಕಿ ಲೆಕ್ಕದ ಮಾತಾಡುತ್ತಿದ್ದಾನೆ. ಆಗ ಲಿಫ್ಟಿನಿಂದ ಇಬ್ಬರು ಇಳಿಯುತ್ತಾರೆ. ಒಬ್ಬನ ಕೈಯಲ್ಲಿ ಹಳೆ ಬನಿಯನ್ ಬಟ್ಟೆಯ ಮೂಟೆ, ಸ್ಪಿರಿಟ್ ಕ್ಯಾನು. ಇನ್ನೊಬ್ಬನ ಕಂಕುಳಲ್ಲಿ ಉಪ್ಪುಕಾಗದದ ಕಟ್ಟು, ಹೆಗಲ ಮೇಲೆ ಕಂಪ್ರೆಸರಿನ ಪೈಪು. ಒಳಗೆ ಬಂದವರು ಮೊದಲು ಫ್ಯಾನ್ ಆರಿಸುತ್ತಾರೆ, ಕಿಟಕಿ ಮುಚ್ಚುತ್ತಾರೆ, ನೆಲಕ್ಕೆ ಹಳೆ ಪತ್ರಿಕೆ ಹಾಸುತ್ತಾರೆ. ಅರ್ಧ ಗಂಟೆಯಲ್ಲಿ ಇಡೀ ಮಹಡಿಗೆ ಮೂಗು ಚುಚ್ಚುವ ವಾಸನೆ ಹರಡುತ್ತದೆ. ಎದುರು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ಇವರು ಪಾಲಿಶ್‌ನವರು. ಮನೆ ಕಟ್ಟುವ ಸಾಲಿನಲ್ಲಿ ಕಟ್ಟಕಡೆಗೆ ಬರುವವರು. ಗಾರೆಯವನು ಮಾಡಿದ ತಡ, ಬಡಗಿ ಮಾಡಿದ ತಡ, ಮರ ಬಾರದೆ ಆದ ತಡ ಎಲ್ಲವೂ ಕಡಿತವಾಗುವುದು ಇವರ ದಿನಗಳಿಂದಲೇ. ಮುಹೂರ್ತವಂತೂ ಮುಂದಕ್ಕೆ ಹೋಗುವುದಿಲ್ಲ. ಹದಿನೈದು ದಿನದ ಕೆಲಸವನ್ನು ಎಂಟು ದಿನಕ್ಕೆ ಮುಗಿಸಿ ಎಂಬ ಒತ್ತಾಯ ಈ ಕಸುಬಿನವರಿಗೆ ನಿತ್ಯದ ಮಾತು.

ಹಾಗೆ ಅವಸರದಲ್ಲಿ ಮಾಡಿದ ಕೆಲಸ ಮೊದಲ ದಿನ ಗೊತ್ತಾಗುವುದಿಲ್ಲ. ವರ್ಷದೊಳಗೆ ಬಾಗಿಲ ಅಂಚಿನಲ್ಲಿ ಹೊಪ್ಪಳೆ ಏಳುತ್ತದೆ, ಮೇಜಿನ ಮೇಲೆ ಲೋಟದ ಗುರುತು ಉಳಿಯುತ್ತದೆ, ಕಪಾಟಿನ ಬಣ್ಣ ಒಂದು ಕಡೆ ಕೆಂಪಗೆ, ಇನ್ನೊಂದು ಕಡೆ ಹಳದಿಯಾಗಿ ಕಾಣುತ್ತದೆ. ಆಗ ಮಾಲೀಕರು ಮರವನ್ನು ದೂರುತ್ತಾರೆ ಇಲ್ಲವೇ ಬಡಗಿಯನ್ನು. ತಪ್ಪು ಬಹುಪಾಲು ಇರುವುದು ಕೂದಲೆಳೆಯಷ್ಟೂ ದಪ್ಪವಿಲ್ಲದ ಆ ಪದರದಲ್ಲಿ ಮತ್ತು ಅದಕ್ಕೆ ನಾವು ಕೊಡದೇ ಹೋದ ಸಮಯದಲ್ಲಿ.

ಪಾಲಿಶ್ ಮಾಡುವುದಾದರೂ ಏಕೆ?

ಕಡಿದು ಒಣಗಿಸಿದ ಮೇಲೂ ಮರ ಸುಮ್ಮನಿರುವುದಿಲ್ಲ. ಮಳೆಗಾಲದಲ್ಲಿ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಈ ಏರಿಳಿತ ಎಳೆಯ ಉದ್ದಕ್ಕೆ ತೀರಾ ಕಡಿಮೆ, ಅಗಲಕ್ಕೆ ಹೆಚ್ಚು. ಜುಲೈನಲ್ಲಿ ಬಿಗಿದುಕೊಳ್ಳುವ ಬಾಗಿಲು ಮಾರ್ಚ್‌ನಲ್ಲಿ ಸಲೀಸಾಗಿ ಹಾಕಿಕೊಳ್ಳುವುದು ಇದೇ ಕಾರಣಕ್ಕೆ.

ಪಾಲಿಶ್ ಈ ಓಡಾಟವನ್ನು ನಿಲ್ಲಿಸಲಾರದು, ನಿಧಾನ ಮಾಡಬಲ್ಲದು. ಹಾಗಾಗಿಯೇ ಅನುಭವಸ್ಥರು ಮೇಜಿನ ಹಲಗೆಯ ಕೆಳಭಾಗಕ್ಕೂ ಒಂದೆರಡು ಕೋಟ್ ಹೊಡೆಯುತ್ತಾರೆ. ಮೇಲೆ ಮಾತ್ರ ಬಳಿದು ಕೆಳಗೆ ಹಾಗೇ ಬಿಟ್ಟರೆ ತೇವ ಒಂದೇ ಬದಿಯಿಂದ ಒಳಹೊಕ್ಕು ಹಲಗೆ ಬಾಗುತ್ತದೆ. ಕಾಣದ ಜಾಗಕ್ಕೆ ಪಾಲಿಶ್ ಏಕೆ, ಅಲ್ಲಿ ಉಳಿಸಿ ಎನ್ನುವವರು ಇದನ್ನು ಗಮನಿಸಬೇಕು.

ಬೆವರು, ಎಣ್ಣೆ, ಸಾರು, ಧೂಳು ಮರದ ರಂಧ್ರಕ್ಕೆ ಇಳಿಯದಂತೆ ತಡೆಯುವುದು ಪಾಲಿಶ್‌ನ ಎರಡನೆಯ ಕೆಲಸ. ಮೂರನೆಯದು ನಾವೆಲ್ಲ ನೋಡಿ ಮೆಚ್ಚುವಂಥದ್ದು. ಬರಿ ಮರದ ಮೇಲ್ಮೈಯಲ್ಲಿ ಬೆಳಕು ಚೆದುರಿ ಮರ ಮಾಸಲಾಗಿ ಕಾಣುತ್ತದೆ. ರಂಧ್ರಗಳಲ್ಲಿ ಅಂಟು ತುಂಬಿಕೊಂಡಾಗ ಬೆಳಕು ಒಳಗಿಳಿದು ಹಿಂದಿರುಗುತ್ತದೆ, ಎಳೆ ಎದ್ದು ಕಾಣುತ್ತದೆ.

ಒಂದು ತಪ್ಪು ನಂಬಿಕೆಯನ್ನೂ ಇಲ್ಲೇ ತೆಗೆದುಹಾಕುವುದು ಒಳ್ಳೆಯದು. ಪಾಲಿಶ್ ಮಾಡಿಸಿದರೆ ಗೆದ್ದಲು ಬರುವುದಿಲ್ಲ ಎನ್ನುವವರಿದ್ದಾರೆ. ಪಾಲಿಶ್ ಗೆದ್ದಲಿನ ಔಷಧವಲ್ಲ. ಬರಿ ಮರದ ರಂಧ್ರದಲ್ಲಿ ಮೊಟ್ಟೆಯಿಡುವ ಕೆಲವು ಕೊರಕ ಹುಳುಗಳಿಗೆ ಅದು ಅಡ್ಡಿಯಾಗುತ್ತದೆ, ಅಷ್ಟೇ. ಗೋಡೆಯೊಳಗಿಂದ ಬರುವ ಗೆದ್ದಲಿಗೆ ಬೇರೆಯೇ ಚಿಕಿತ್ಸೆ ಬೇಕು.

ಹುಳು ಕೊಟ್ಟ ಅರಗು

ನಮ್ಮ ಅಜ್ಜಂದಿರ ಕಾಲದ ತೇಗದ ಮಂಚ, ಬೀಟೆಯ ಆರಾಮ ಕುರ್ಚಿ, ಕನ್ನಡಿ ಬಾಗಿಲಿನ ಬೀರುಗಳ ಮೇಲಿರುವುದು ಬಹುಪಾಲು ಫ್ರೆಂಚ್ ಪಾಲಿಶ್. ಹೆಸರು ಫ್ರಾನ್ಸಿನದು, ಸರಕು ಭಾರತದ್ದು. ಮುತ್ತುಗ, ಬೋರೆ, ಕುಸುಮ್ ಮರಗಳ ಎಳೆ ರೆಂಬೆಗಳ ಮೇಲೆ ಅರಗಿನ ಹುಳುಗಳು ಸಾವಿರಗಟ್ಟಲೆ ಕಚ್ಚಿಕೊಂಡು ರಸ ಹೀರುತ್ತವೆ. ತಮ್ಮ ರಕ್ಷಣೆಗೆ ಮೈಯಿಂದ ಅಂಟು ಸ್ರವಿಸಿ ಅದರೊಳಗೇ ಹುದುಗಿಕೊಳ್ಳುತ್ತವೆ. ರೆಂಬೆ ಕಡಿದು, ಅಂಟು ಕೆರೆದು, ಕುಟ್ಟಿ, ಕೆಂಪು ಬಣ್ಣ ಹೋಗುವಂತೆ ತೊಳೆದು, ಕಾಯಿಸಿ, ಬಟ್ಟೆಯಲ್ಲಿ ಸೋಸಿ, ತೆಳುವಾದ ಹಾಳೆಯಾಗಿ ಎಳೆದು ಒಡೆದರೆ ಚಪಡಾ ಸಿದ್ಧ. ಪಾಲಿಶ್ ಅಂಗಡಿಯಲ್ಲಿ ಕಿತ್ತಳೆ ಬಣ್ಣದ ಚಕ್ಕೆಗಳಾಗಿ ಸಿಗುವುದು ಇದೇ.

ಜಾರ್ಖಂಡ್, ಛತ್ತೀಸಗಢ, ಮಧ್ಯಪ್ರದೇಶ, ಪಶ್ಚಿಮ ಬಂಗಾಳದ ಕಾಡಂಚಿನ ಜನರಿಗೆ ಇದು ಬೆಳೆ. ರಾಂಚಿ ಪಕ್ಕದ ನಾಮ್‌ಕುಮ್‌ನಲ್ಲಿ 1924ರಲ್ಲೇ ಅರಗಿಗೆಂದು ಸಂಶೋಧನಾ ಸಂಸ್ಥೆ ಆರಂಭವಾಗಿತ್ತು. ವಿನೈಲ್ ಬರುವ ಮುನ್ನ ಗ್ರಾಮಫೋನ್ ತಟ್ಟೆಗಳಿಗೂ ಬಳಸುತ್ತಿದ್ದುದು ಇದೇ ಅರಗನ್ನು. ಲೋಕದ ಅರಗು ಹೆಚ್ಚಾಗಿ ಹೋಗುತ್ತಿದ್ದುದು ಭಾರತದಿಂದ.

ಕರ್ನಾಟಕಕ್ಕೂ ಈ ಅಂಟಿನ ನಂಟು ಗಟ್ಟಿಯಾಗಿಯೇ ಇದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಹೆಸರಾದ ಮೈಸೂರಿನ ಸರ್ಕಾರಿ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಎಂಬ ಹೆಸರು ಬಂದದ್ದು 1989ರಲ್ಲಿ. ಚನ್ನಪಟ್ಟಣದ ಬೊಂಬೆಗಳ ಮೈಮೇಲಿನ ಹೊಳಪೂ ಅರಗಿನದೇ. ಅಲ್ಲಿ ಸ್ಪಿರಿಟ್ ಬೇಕಿಲ್ಲ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಅಂಟುತ್ತದೆ, ಎಲೆಗರಿಯಿಂದ ಒತ್ತಿ ಸವರಿದರೆ ನುಣುಪಾಗುತ್ತದೆ.

ಬಟ್ಟೆಯ ಗಂಟು ಓಡುವ ದಾರಿ

ಕೇಂದ್ರ ಲೋಕೋಪಯೋಗಿ ಇಲಾಖೆಯ ನಿಯಮಾವಳಿಯಲ್ಲಿ ಫ್ರೆಂಚ್ ಪಾಲಿಶ್‌ನ ಪ್ರಮಾಣ ಸ್ಪಷ್ಟವಾಗಿದೆ: ಒಂದು ಲೀಟರ್ ಸ್ಪಿರಿಟ್‌ಗೆ 140 ಗ್ರಾಂ ಚಪಡಾ. ರಾತ್ರಿ ನೆನೆಹಾಕಿದರೆ ಬೆಳಿಗ್ಗೆಗೆ ಕರಗಿರುತ್ತದೆ. ಸೋಸಿ ಬಳಸಬೇಕು. ತಿಂಗಳುಗಟ್ಟಲೆ ಇಟ್ಟ ದ್ರಾವಣ ಮರದ ಮೇಲೆ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಹಾಗಾಗಿ ಒಳ್ಳೆಯ ಮಿಸ್ತ್ರಿ ಬೇಕಾದಷ್ಟನ್ನೇ ಕಲೆಸಿಕೊಳ್ಳುತ್ತಾನೆ.

ಮುಖ್ಯ ಉಪಕರಣ ಒಂದು ಗಂಟು. ಒಳಗೆ ಉಣ್ಣೆ ಬಟ್ಟೆ ಅಥವಾ ಹತ್ತಿ, ಹೊರಗೆ ಎಷ್ಟೋ ಸಲ ಒಗೆದು ಮೆತ್ತಗಾದ, ನೂಲು ಬಿಡದ ಹತ್ತಿ ಬಟ್ಟೆ. ದೋಸೆ ಕಾವಲಿಗೆ ಎಣ್ಣೆ ಸವರುವ ಗಂಟಿನಷ್ಟೇ ಗಾತ್ರ. ಪಾಲಿಶ್ ಸುರಿಯುವುದು ಒಳಗಿನ ಬಟ್ಟೆಗೆ, ಹೊರಬಟ್ಟೆಗಲ್ಲ. ಒತ್ತಿದಷ್ಟೂ ಅದು ಒಸರಿ ಹೊರಬರುತ್ತದೆ. ಹೊರಮೈಗೆ ಒಂದು ತೊಟ್ಟು ಅಗಸೆ ಎಣ್ಣೆ ತಾಗಿಸಿದರೆ ಗಂಟು ಎಳೆದುಕೊಳ್ಳದೆ ಜಾರುತ್ತದೆ.

ಮೊದಲು ಎಳೆಯ ಉದ್ದಕ್ಕೆ, ಆಮೇಲೆ ಸಣ್ಣ ಸಣ್ಣ ಸುತ್ತು, ಆಮೇಲೆ ಎಂಟರ ಆಕಾರ, ಕೊನೆಗೆ ಮತ್ತೆ ನೇರ. ಗಂಟನ್ನು ಮರದ ಮೇಲೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದ ಒಂದು ಕ್ಷಣದಲ್ಲೇ ಹೊಸ ಸ್ಪಿರಿಟ್ ಕೆಳಗಿನ ಪದರವನ್ನು ಕರಗಿಸಿ ಬಟ್ಟೆಯ ನೇಯ್ಗೆಯ ಗುರುತನ್ನು ಅಲ್ಲೇ ಮೂಡಿಸಿಬಿಡುತ್ತದೆ. ಹಾಗಾಗಿ ವಿಮಾನ ಇಳಿದು ಏರುವ ರೀತಿ ಗಂಟು ಒಂದು ಅಂಚಿನಿಂದ ಬಂದು ಇನ್ನೊಂದು ಅಂಚಿನಿಂದ ಹೊರಹೋಗಬೇಕು. ಕೈ ಓಡುತ್ತಲೇ ಇರಬೇಕು.

ಒಂದೊಂದು ಕೋಟ್ ಒಣಗಿದ ಮೇಲೆ ಮತ್ತೊಂದು. ಕೊನೆಗೆ ಹೊಸ ಬಟ್ಟೆಗೆ ಸ್ಪಿರಿಟ್ ಬರೀ ಸೋಕಿಸಿ ಹಗುರವಾಗಿ, ಚುರುಕಾಗಿ ಸವರಿದರೆ ಮೇಲೆ ನಿಂತ ಎಣ್ಣೆಯ ಮಬ್ಬು ಹೋಗಿ ಹೊಳಪು ತೆರೆದುಕೊಳ್ಳುತ್ತದೆ. ಒಂದು ದೊಡ್ಡ ಊಟದ ಮೇಜಿಗೆ ಇದನ್ನು ಸರಿಯಾಗಿ ಮಾಡಲು ದಿನಗಳೇ ಬೇಕು.

ಮುಕ್ಕಾಲು ಪಾಲು ತಯಾರಿ

ಇಷ್ಟೆಲ್ಲ ಆಗುವುದು ಮರ ಸಿದ್ಧವಾದ ಮೇಲೆ. ಆ ಸಿದ್ಧತೆಯೇ ಈ ಕಸುಬಿನ ಬೆನ್ನು ಮುರಿಯುವ ಭಾಗ. 80 ಅಥವಾ 100ನೇ ನಂಬರಿನ ಕಾಗದದಿಂದ ಶುರುಮಾಡಿ 120, 180, 220, 320 ಹೀಗೆ ಏರುತ್ತ ಹೋಗಬೇಕು. ನಂಬರು ಹೆಚ್ಚಿದಷ್ಟೂ ಕಣ ಸಣ್ಣದು. ನಡುವೆ ಒಂದು ನಂಬರು ಹಾರಿಸಿದರೆ ಹಿಂದಿನ ಗೀರು ಹಾಗೇ ಉಳಿಯುತ್ತದೆ. ಆಗ ಕಾಣದು, ಬಣ್ಣ ಬಿದ್ದೊಡನೆ ಕಪ್ಪು ಗೆರೆಯಾಗಿ ಎದ್ದು ಕೂರುತ್ತದೆ.

ಉಜ್ಜುವುದು ಯಾವಾಗಲೂ ಎಳೆಯ ದಾರಿಯಲ್ಲಿ. ಅಡ್ಡ ಉಜ್ಜಿದರೆ ಎಳೆ ಹರಿಯುತ್ತದೆ. ಯಂತ್ರ ಬಂದ ಮೇಲೆ ಬಯಲು ಜಾಗ ಸುಲಭವಾಗಿದೆ. ಆದರೆ ಮೂಲೆ, ಕೆತ್ತನೆ, ಕಡೆದ ಕಾಲು, ಬೆತ್ತ ಹೆಣೆದ ಚೌಕಟ್ಟು ಈಗಲೂ ಬೆರಳಿಗೇ ಬಿಟ್ಟದ್ದು. ಪಾಲಿಶ್‌ನವರ ಬೆರಳ ತುದಿ ಸವೆದು ನುಣ್ಣಗಾಗಿರುತ್ತದೆ. ಹಲಗೆ ನುಣುಪಾಯಿತೇ ಎಂಬುದನ್ನು ಅವರು ನೋಡಿ ಹೇಳುವುದಕ್ಕಿಂತ ಅಂಗೈ ಸವರಿ ಹೇಳುವುದೇ ಹೆಚ್ಚು.

ಆಮೇಲೆ ರಂಧ್ರ ತುಂಬುವ ಕೆಲಸ. ತೇಗದ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ. ಚಾಕ್ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲೆಸಿ, ಮರದ ಬಣ್ಣಕ್ಕೆ ಹೊಂದುವಂತೆ ಕಾವಿ, ರಾಮರಜವೆಂಬ ಹಳದಿ ಮಣ್ಣು, ಕಪ್ಪು ಬೆರೆಸಿ ಎಳೆಗೆ ಅಡ್ಡವಾಗಿ ಒತ್ತಿ ತುಂಬುತ್ತಾರೆ, ಒಣಗಿದ ಮೇಲೆ ಮತ್ತೆ ಉಜ್ಜುತ್ತಾರೆ. ಈ ಹಂತ ಬಿಟ್ಟರೆ ಮೊದಲ ಎರಡು ಕೋಟನ್ನು ಮರವೇ ಕುಡಿದುಬಿಡುತ್ತದೆ.

ಹತ್ತು ದಿನದ ಕೆಲಸದಲ್ಲಿ ಏಳು ದಿನ ಹೀಗೆ ಧೂಳಿನಲ್ಲೇ ಕಳೆಯುತ್ತದೆ. ಮಾಲೀಕರು ಬಂದು ನೋಡಿದರೆ ಇನ್ನೂ ಏನೂ ಆಗಿಲ್ಲವಲ್ಲ ಎನಿಸುತ್ತದೆ. ಅವಸರಕ್ಕೆ ಮೊದಲು ಬಲಿಯಾಗುವುದು ಇದೇ ಏಳು ದಿನ.

ಮರ ಮರಕ್ಕೂ ಬೇರೆ ಗುಣ

ಬಣ್ಣ ಹೊಂದಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಒಂದೇ ಲೋಡಿನ ಎರಡು ತೇಗದ ಹಲಗೆ ಒಂದೇ ಬಣ್ಣ ಇರುವುದಿಲ್ಲ. ಹೊಸದಾಗಿ ಕೊಯ್ದ ತೇಗದಲ್ಲಿ ಹಸಿರು ಛಾಯೆಯ ಪಟ್ಟೆಗಳಿರುತ್ತವೆ, ಬೆಳಕಿಗೆ ಬಿಟ್ಟರೆ ಕ್ರಮೇಣ ಹೊಂಬಣ್ಣಕ್ಕೆ ತಿರುಗುತ್ತವೆ. ಹಲಸು ಕೊಯ್ದಾಗ ಹಳದಿ, ವರ್ಷಗಳು ಕಳೆದಂತೆ ಕಂದು. ಇಂದು ಹೊಂದಿಸಿದ ಬಣ್ಣ ಐದು ವರ್ಷಕ್ಕೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಅಂದಾಜು ಮಿಸ್ತ್ರಿಗೆ ಇರಬೇಕು.

ತೇಗದಲ್ಲಿ ಸಹಜ ಎಣ್ಣೆಯಂಶವಿದೆ. ಗೆದ್ದಲು, ನೀರು ಅದಕ್ಕೆ ಸುಲಭವಾಗಿ ತಾಗದಿರುವುದರಲ್ಲಿ ಆ ಎಣ್ಣೆಯದ್ದೂ ಪಾಲಿದೆ. ಅದೇ ಗುಣ ಪಾಲಿಶ್‌ಗೆ ತೊಡಕು. ಥಿನ್ನರ್‌ನಲ್ಲಿ ಒರೆಸಿ ಕೂಡಲೇ ಮೊದಲ ಕೋಟ್ ಹೊಡೆಯದಿದ್ದರೆ ಪದರ ಹಿಡಿಯದೆ ಸುಲಿದು ಬರಬಹುದು.

ಬೀಟೆಯದು ಇನ್ನೊಂದು ತಂಟೆ. ಅದರ ನೇರಳೆ ಮಿಶ್ರಿತ ಕಂದು ಬಣ್ಣ ಸ್ಪಿರಿಟ್‌ಗೆ ಕರಗುತ್ತದೆ. ಮೈಸೂರಿನ ಹೆಸರಾಂತ ಬೀಟೆ ಮರದ ಇನ್‌ಲೇ ಕೆಲಸದಲ್ಲಿ ಕಪ್ಪು ಹಲಗೆಯೊಳಗೆ ಬಿಳಿ, ಹಳದಿ, ಕೆಂಪು ಮರದ ತುಣುಕುಗಳನ್ನು ಕೂರಿಸಿ ಆನೆ, ದಸರೆ, ಹಳ್ಳಿಯ ನೋಟ ಮೂಡಿಸುತ್ತಾರೆ. ಅದರ ಮೇಲೆ ಸ್ಪಿರಿಟ್ ಗಂಟನ್ನು ಒತ್ತಿ ತಿಕ್ಕಿದರೆ ಬೀಟೆಯ ಬಣ್ಣ ಬಿಳಿ ತುಣುಕುಗಳ ಮೇಲೆ ಹರಿದು ಚಿತ್ರ ಕೊಳೆಯಾಗುತ್ತದೆ. ಮೊದಲು ಸಣ್ಣ ಬ್ರಷ್ಷಿನಿಂದ ಬಿಳಿ ಭಾಗಗಳಿಗಷ್ಟೇ ಪಾಲಿಶ್ ಮುಟ್ಟಿಸಿ ಬಾಯಿ ಕಟ್ಟಿ, ಆಮೇಲೆ ಇಡೀ ಹಲಗೆಗೆ ಕೈ ಹಾಕುವುದು ಇದಕ್ಕಿರುವ ದಾರಿ.

ಈ ಬಣ್ಣಗಾರಿಕೆಗೆ ಇನ್ನೊಂದು ಮುಖವೂ ಇದೆ. ಕಾಫಿ ತೋಟದ ಸಿಲ್ವರ್ ಓಕ್, ರಬ್ಬರ್ ಮರ, ಅಕೇಶಿಯಾಗಳಿಗೆ ಸ್ಟೇನ್ ಹಚ್ಚಿ ತೇಗದಂತೆ, ಬೀಟೆಯಂತೆ ಕಾಣಿಸುವುದು ನುರಿತ ಕೈಗೆ ಕಷ್ಟವೇನಲ್ಲ. ಹೊಸ ಕುರ್ಚಿಗೆ ನೂರು ವರ್ಷದ ಮಾಸಲು ಬಣ್ಣ ತರುವುದೂ ಅಷ್ಟೇ ಸುಲಭ. ಹಾಗೆಂದು ಹೇಳಿ ಮಾರಿದರೆ ಅದು ಕಲೆ, ಹೇಳದೆ ಮಾರಿದರೆ ಮೋಸ. ಕೊಳ್ಳುವವರು ಡ್ರಾಯರ್ ಎಳೆದು ಅದರ ಒಳಬದಿ, ಹಿಂಬದಿ, ಕುರ್ಚಿಯ ಅಡಿಭಾಗ ನೋಡಬೇಕು. ಪಾಲಿಶ್ ತಾಗದ ಜಾಗದಲ್ಲಿ ಮರ ಸುಳ್ಳು ಹೇಳುವುದಿಲ್ಲ.

ಗನ್ ಬಂದ ಮೇಲೆ

ಫ್ರೆಂಚ್ ಪಾಲಿಶ್‌ಗೆ ದೌರ್ಬಲ್ಯಗಳಿವೆ. ಬಿಸಿ ಪಾತ್ರೆ ಇಟ್ಟರೆ, ನೀರು ನಿಂತರೆ ಬಿಳಿ ಉಂಗುರ. ಸಾಬೂನು ನೀರು ಹಾಕಿ ತಿಕ್ಕಿದರೆ ಹೊಳಪು ಹೋಗುತ್ತದೆ. ಮದ್ಯ ಚೆಲ್ಲಿದರೆ ಕರಗಿಯೇ ಹೋಗುತ್ತದೆ. ಹಾಗಾಗಿ ಒಂದೊಂದಾಗಿ ಹೊಸ ಪದರಗಳು ಬಂದವು. ಮೊದಲು ಥಿನ್ನರ್‌ನಲ್ಲಿ ಕರಗುವ, ಬೇಗ ಒಣಗುವ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್. ಆಮೇಲೆ ಮೆಲಮೈನ್. ಈಗ ಪಿಯು, ಅಂದರೆ ಪಾಲಿಯುರೆಥೇನ್.

ಮೆಲಮೈನ್ ಮತ್ತು ಪಿಯು ಬರೀ ಒಣಗುವ ಪದಾರ್ಥಗಳಲ್ಲ. ಎರಡು ಡಬ್ಬಿಗಳ ಸಾಮಗ್ರಿ ಬೆರೆಸಿದಾಗ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತವೆ. ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಒಮ್ಮೆ ಗಟ್ಟಿಯಾದರೆ ಸ್ಪಿರಿಟ್‌ಗೂ ಥಿನ್ನರ್‌ಗೂ ಕರಗುವುದಿಲ್ಲ. ಸಾರು ಚೆಲ್ಲಲಿ, ಬಿಸಿ ತಟ್ಟೆ ಇಡಲಿ, ತಡೆದುಕೊಳ್ಳುತ್ತವೆ. ಹೊಡೆಯುವುದು ಕಂಪ್ರೆಸರಿಗೆ ಜೋಡಿಸಿದ ಸ್ಪ್ರೇ ಗನ್ನಿನಿಂದ, ಹಾಗಾಗಿ ಕೆಲಸವೂ ಬೇಗ.

ಇಲ್ಲೇ ಒಂದು ಕೊಡು–ಕೊಳ್ಳುವಿಕೆ ಇದೆ, ಗ್ರಾಹಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಫ್ರೆಂಚ್ ಪಾಲಿಶ್ ಬೇಗ ಹಾಳಾಗುತ್ತದೆ, ಆದರೆ ಹಾಳಾದಷ್ಟೇ ಜಾಗವನ್ನು ಸರಿಪಡಿಸಬಹುದು. ಹೊಸ ಕೋಟಿನ ಸ್ಪಿರಿಟ್ ಹಳೆಯದನ್ನು ಕರಗಿಸಿ ಎರಡೂ ಒಂದಾಗುತ್ತವೆ, ತೇಪೆ ಕಾಣುವುದಿಲ್ಲ. ಪಿಯು ಬಹಳ ವರ್ಷ ಬಾಳುತ್ತದೆ. ಆದರೆ ಒಂದು ಮೂಲೆಯಲ್ಲಿ ಆಳವಾಗಿ ಗೀರಿದರೆ ಅಲ್ಲಿಗಷ್ಟೇ ಹೊಂದಿಸುವುದು ಕಷ್ಟ. ಹೆಚ್ಚಿನ ಸಲ ಇಡೀ ಹಲಗೆಯನ್ನೇ ಉಜ್ಜಿ ತೆಗೆಯಬೇಕಾಗುತ್ತದೆ.

ಹಾಗಾಗಿ ಅಡುಗೆಮನೆ ಕಪಾಟು, ಊಟದ ಮೇಜಿಗೆ ಪಿಯು ಸರಿ. ಅಜ್ಜಿಯ ಕಾಲದ ಬೀರು, ದೇವರ ಮಂಟಪ, ವೀಣೆ ಇಡುವ ಪೀಠಕ್ಕೆ ಅರಗಿನ ಪಾಲಿಶ್ ಸಾಕು, ಅದೇ ಮೇಲು.

ಗನ್ನಿನವರೂ ಗಂಟಿನವರೂ ಸಮಾನವಾಗಿ ಹೆದರುವುದು ಮಳೆಗಾಲಕ್ಕೆ. ಸ್ಪಿರಿಟ್, ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ನೀರಾಗಿ ಪದರದೊಳಗೇ ಸಿಕ್ಕಿಬಿದ್ದು ಬಿಳಿ ಮಬ್ಬು ಕವಿಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಮಿಸ್ತ್ರಿಗಳು ಕೆಲಸ ಮುಂದೂಡುವುದು ಸೋಮಾರಿತನಕ್ಕಲ್ಲ.

ಹಳೆಯದನ್ನು ಮುಟ್ಟುವ ಮುನ್ನ

ಹೊಸ ಮರಕ್ಕೆ ಪಾಲಿಶ್ ಹೊಡೆಯುವುದು ಒಂದು ಕೆಲಸ, ಹಳೆಯ ಪಾಲಿಶ್ ಬಿಚ್ಚಿ ಹೊಸದು ಹಾಕುವುದು ಇನ್ನೊಂದೇ ಕೆಲಸ. ಬೆಂಗಳೂರಿನ ಶಿವಾಜಿನಗರದ ಗಲ್ಲಿಗಳಲ್ಲಿ, ಹಳೆ ಮರದ ಸಾಮಾನು ಮಾರುವ ಎಲ್ಲ ಊರುಗಳಲ್ಲಿ ಈ ಎರಡನೆಯದರಲ್ಲೇ ಪಳಗಿದವರಿದ್ದಾರೆ. ಕೆಡವಿದ ಬಂಗಲೆಗಳ ಬಾಗಿಲು, ಕಾರೈಕುಡಿ ಕಡೆಯಿಂದ ಬಂದ ಕಂಬ, ಚಹಾ–ಕಾಫಿ ತೋಟದ ದೊರೆಗಳ ಉದ್ದ ಕೈಯ ಕುರ್ಚಿಗಳು ಅವರ ಕೈ ಸೇರುತ್ತವೆ.

ಬಲ್ಲವರು ಮೊದಲು ಮಾಡುವುದು ಒಂದು ಸಣ್ಣ ಪರೀಕ್ಷೆ. ಕಾಣದ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒತ್ತಿ ಹಿಡಿಯುತ್ತಾರೆ. ಅಂಟಂಟಾಗಿ ಹತ್ತಿ ಕಂದಾದರೆ ಅದು ಅರಗು. ಅದಕ್ಕೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಅಲ್ಲಾಡದಿದ್ದರೆ ಮೆಲಮೈನ್ ಅಥವಾ ಪಿಯು. ಉತ್ತರ ಏನು ಬರುತ್ತದೆ ಎಂಬುದರ ಮೇಲೆ ಮುಂದಿನ ದಾರಿ.

ಅರಗಾಗಿದ್ದರೆ ಎಷ್ಟೋ ಸಲ ಬಿಚ್ಚುವುದೇ ಬೇಡ. ಕೊಳೆ ಒರೆಸಿ, ಸ್ಪಿರಿಟ್ ಗಂಟು ಓಡಿಸಿ, ಮೇಲೆ ಎರಡು ಕೋಟ್ ಹಾಕಿದರೆ ಮುಗಿಯಿತು. ಇಡೀ ಪದರ ಕಿತ್ತು ಯಂತ್ರದಲ್ಲಿ ಉಜ್ಜಿದರೆ ನೂರು ವರ್ಷದ ಬಳಕೆಯಿಂದ ಬಂದ ಆಳವಾದ ಬಣ್ಣ, ಕೈ ತಾಗಿ ಸವೆದ ಅಂಚು, ಉಳಿಯ ಗುರುತು ಎಲ್ಲ ಹೋಗಿ ಹಳೆಯ ಸಾಮಾನು ಹೊಸ ಅಂಗಡಿಯದರಂತೆ ಕಾಣುತ್ತದೆ. ಬೆಲೆಯೂ ಇಳಿಯುತ್ತದೆ.

ಬೇಗ ಆಗಲೆಂದು ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆಯುವವರೂ ಇದ್ದಾರೆ. ಬಣ್ಣ ಬಿಟ್ಟುಕೊಳ್ಳುವುದು ನಿಜ. ಜೊತೆಗೆ ಮರ ಕಪ್ಪಾಗುತ್ತದೆ, ಎಳೆ ಎದ್ದು ನಾರಾಗುತ್ತದೆ, ಹಳೆಯ ಕಾಲದ ಪ್ರಾಣಿಜನ್ಯ ಅಂಟು ಕರಗಿ ಕೀಲು ಸಡಿಲವಾಗುತ್ತದೆ. ವೆನೀರ್ ಅಂಟಿಸಿದ ಪ್ಲೈವುಡ್ಡಿಗೆ ಉಜ್ಜುವ ಯಂತ್ರವೂ ಅಪಾಯವೇ. ಮೇಲಿನ ನಿಜವಾದ ಮರ ಅರ್ಧ ಮಿಲಿಮೀಟರಿನ ಆಸುಪಾಸು. ಎರಡು ಸಲ ಜೋರಾಗಿ ಓಡಿಸಿದರೆ ಕೆಳಗಿನ ಪದರ ಇಣುಕುತ್ತದೆ, ಅದಕ್ಕೆ ಮದ್ದಿಲ್ಲ.

ಬಣ್ಣ ಬಳಿದ ಹಳೆ ತೊಟ್ಟಿಲು, ಕಿಟಕಿ, ಬೆಂಚುಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟು ಸೀಸವಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಒಣದಾಗಿ ಉಜ್ಜಿದರೆ ಧೂಳು ನೇರ ಮಕ್ಕಳ ಕೈಬಾಯಿಗೆ. ಒದ್ದೆ ಮಾಡಿ ಕೆರೆಯಬೇಕು, ಮನೆಯ ಹೊರಗೆ ಕೆರೆಯಬೇಕು, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ಉಸಿರಿಗೆ ಬೀಳುವ ಬೆಲೆ

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಣ್ಣ ಬಳಿಯುವ ವೃತ್ತಿಯನ್ನೇ 1989ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 1995ರಲ್ಲಿ ಮರದ ಧೂಳೂ ಅದೇ ಗುಂಪಿಗೆ ಸೇರಿತು, ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಲ ಕುಹರಗಳ ಕ್ಯಾನ್ಸರ್‌ಗೆ ಕಾರಣವೆಂದು. ಮೆಲಮೈನ್‌ನಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಕೂಡ ಆ ಪಟ್ಟಿಯಲ್ಲಿದೆ. ಪಾಲಿಶ್‌ನವರಿಗೆ ಈ ಮೂರೂ ಒಂದೇ ದಿನದಲ್ಲಿ ಎದುರಾಗಬಹುದು.

ಪಿಯು ಗಟ್ಟಿಯಾಗಿಸುವ ಡಬ್ಬಿಯಲ್ಲಿರುವ ಐಸೊಸಯನೇಟ್ ವೃತ್ತಿಜನ್ಯ ಆಸ್ತಮಾಕ್ಕೆ ಹೆಸರುವಾಸಿ. ಒಮ್ಮೆ ಮೈಗೆ ಒಗ್ಗದಂತಾದರೆ ಆಮೇಲೆ ತೀರಾ ಕಡಿಮೆ ಪ್ರಮಾಣಕ್ಕೂ ಉಸಿರು ಕಟ್ಟುತ್ತದೆ. ಆ ಮನುಷ್ಯ ಕಸುಬನ್ನೇ ಬಿಡಬೇಕಾಗುತ್ತದೆ.

ರಕ್ಷಣೆಯೆಂದು ಮೂಗಿಗೆ ಕಟ್ಟುವ ಕರವಸ್ತ್ರ ಏನನ್ನೂ ತಡೆಯುವುದಿಲ್ಲ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್95 ಮಾಸ್ಕ್ ಧೂಳಿಗೆ ಸರಿ, ಥಿನ್ನರಿನ ಆವಿಗೆ ಅಲ್ಲ. ಆವಿಗೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮುಖವಾಡ ಬೇಕು, ಕಾರ್ಟ್ರಿಡ್ಜನ್ನು ಆಗಾಗ ಬದಲಿಸಲೂ ಬೇಕು. ಕೆಲಸ ಮುಗಿದ ಮೇಲೆ ಥಿನ್ನರಿನಲ್ಲೇ ಕೈ ತೊಳೆಯುವ ರೂಢಿ ಚರ್ಮದ ಜಿಡ್ಡು ತೆಗೆದು ಬಿರುಕು ಬಿಡಿಸುತ್ತದೆ.

ಬೆಂಕಿಯ ಭಯವೂ ಇದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಒಣಗುವಾಗ ಹುಟ್ಟುವ ಬಿಸಿಗೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಬೇಕು ಅಥವಾ ನೀರಲ್ಲಿ ಮುಳುಗಿಸಿಡಬೇಕು.

ಕಸುಬಿದೆ, ಹೆಸರಿಲ್ಲ

ಪಾಲಿಶ್ ದರ ಚದರಡಿ ಲೆಕ್ಕದ್ದು. ಸಪಾಟು ಬಾಗಿಲಿಗೆ ಈ ಲೆಕ್ಕ ನ್ಯಾಯ. ಕೆತ್ತನೆಯ ಮಂಟಪಕ್ಕೆ, ಕಡೆದ ಕಾಲಿನ ಮಂಚಕ್ಕೆ ಅನ್ಯಾಯ. ಗುತ್ತಿಗೆದಾರ ಒಪ್ಪಿಕೊಂಡ ದರದಲ್ಲಿ ಸಾಮಗ್ರಿಯೂ ಸೇರಿದ್ದರೆ ಕೈಗೆ ಉಳಿಯುವುದು ಇನ್ನೂ ಕಡಿಮೆ. ಆಗ ಉಳಿತಾಯಕ್ಕೆ ಸಿಗುವುದು ಎರಡೇ: ಒಂದು ಕೋಟು, ಇಲ್ಲವೇ ಒಂದು ಮಾಸ್ಕು.

ಈ ಕೆಲಸದಲ್ಲಿ ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನದಿಂದ ಬಂದವರು ಬೆಂಗಳೂರಿನಲ್ಲಿ ಬಹಳ. ಕಲಿಕೆ ಈಗಲೂ ಉಸ್ತಾದನ ಬಳಿಯೇ. ಹುಡುಗ ಮೊದಲು ಉಜ್ಜುತ್ತಾನೆ, ಆಮೇಲೆ ರಂಧ್ರ ತುಂಬುತ್ತಾನೆ, ಕೊನೆಕೊನೆಗೆ ಬಣ್ಣ ಬೆರೆಸಲು ಬಿಡುತ್ತಾರೆ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಗುರುತಿಸಿದೆ. ಬಡಗಿ ಇದ್ದಾನೆ, ಬೊಂಬೆ ಮಾಡುವವರಿದ್ದಾರೆ, ಪಾಲಿಶ್‌ನವರಿಗೆ ಪ್ರತ್ಯೇಕ ಸಾಲಿಲ್ಲ. ಕಟ್ಟಡದ ಕೆಲಸದ ಭಾಗವಾಗಿ ಬಣ್ಣ, ವಾರ್ನಿಶ್ ಬಳಿಯುವವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. 18ರಿಂದ 60 ವರ್ಷದೊಳಗಿರಬೇಕು, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು. ಆದರೆ ಪೀಠೋಪಕರಣದ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ದುಡಿಯುವವನು ಕಟ್ಟಡ ಕಾರ್ಮಿಕನಲ್ಲ. ಬೇರೆ ಬೇರೆ ಮನೆ, ಬೇರೆ ಬೇರೆ ಗುತ್ತಿಗೆದಾರರ ನಡುವೆ ಓಡಾಡುವವನಿಗೆ 90 ದಿನದ ಪತ್ರ ಯಾರು ಬರೆದುಕೊಡಬೇಕು?

ಕೆಲಸ ಒಪ್ಪಿಸುವವರಿಗೆ

ಮುಂದಿನ ಸಲ ಪಾಲಿಶ್ ಮಾಡಿಸುವಾಗ ನಾಲ್ಕು ವಿಷಯ ಮೊದಲೇ ಮಾತಾಡಿಕೊಳ್ಳಿ. ಯಾವ ಪದರ ಹಾಕುತ್ತೀರಿ, ಮುಂದೆ ಅದನ್ನು ರಿಪೇರಿ ಮಾಡಲು ಬರುತ್ತದೆಯೇ ಎಂದು ಕೇಳಿ. ಅದೇ ಮರದ ಒಂದು ತುಂಡಿನ ಮೇಲೆ ಬಣ್ಣದ ಮಾದರಿ ಮಾಡಿಸಿ ಹಗಲು ಬೆಳಕಿನಲ್ಲೂ ರಾತ್ರಿ ದೀಪದಲ್ಲೂ ನೋಡಿ. ಕೆಳಬದಿ, ಹಿಂಬದಿಗೂ ಕೋಟ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಹಳೆಯ ಸಾಮಾನಾದರೆ ಪೂರ್ತಿ ಬಿಚ್ಚಲೇಬೇಕೇ, ಇದ್ದುದನ್ನೇ ಉಳಿಸಿಕೊಳ್ಳಬಹುದೇ ಎಂದು ವಿಚಾರಿಸಿ.

ಧೂಳು ಕೂರುತ್ತದೆಂದು ಅವರು ಕಿಟಕಿ ಮುಚ್ಚಿದರೆ ಜಾಲರಿ ಹಾಕಿಸಿ ತೆರೆಸಿ. ಕಾರ್ಟ್ರಿಡ್ಜ್ ಮಾಸ್ಕಿನ ಖರ್ಚನ್ನು ಅಂದಾಜು ಪಟ್ಟಿಯಲ್ಲಿ ನೀವೇ ಒಂದು ಸಾಲಾಗಿ ಬರೆಸಿ. ಲಕ್ಷಾಂತರ ರೂಪಾಯಿಯ ಮರಗೆಲಸದ ಎದುರು ಅದು ದೊಡ್ಡ ಮೊತ್ತವಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಚದರಡಿಗೆ ಎಷ್ಟು ಎಂದು ಕೇಳುವ ಮೊದಲು ಎಷ್ಟು ದಿನ ಬೇಕು ಎಂದು ಕೇಳಿ. ಕೇಳಿದಷ್ಟು ದಿನ ಕೊಡಿ. ಅವಸರದ ಪಾಲಿಶ್‌ಗೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.